ಯಾವ ಕಡಲಿನ ನೀರು?

ನಮ್ಮ ಜಿಲ್ಲೆಯನ್ನು ಕುರಿತು ಬರೆಯಹೊರಟವರು ಬಾಬಾಬುಡನ್ ತಂದರೆಂದು ಹೇಳುವ ಏಳು ಕಾಫಿ ಬೀಜಗಳಿಂದಲೋ, ನಾಡಿನಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿಯಿಂದಲೋ ಆರಂಭಿಸುವುದು ವಾಡಿಕೆ. ಅವೆರಡನ್ನೂ ವಾಚಕರು ಸಾಕಷ್ಟು ಓದಿದ್ದಾರೆ. ನಾನು ಹೇಳಬೇಕೆಂದಿರುವುದು ಅಂಗೈಯಗಲದ ಒಂದು ನೀರಿನ ಎಳೆಯ ವಿಚಾರ. ಬೆಟ್ಟದಲ್ಲಿ ದಾರಿ ತಪ್ಪಿದವನು ನೀರನ್ನು ಹಿಡಿದು ಇಳಿದರೆ ಊರು ಸೇರುತ್ತಾನೆಂದು ನಾವೆಲ್ಲರೂ ಎಲ್ಲಿಯೋ ಓದಿದ್ದೇವೆ. ಮೂಡಿಗೆರೆ, ಕಳಸಗಳ ಬೆಟ್ಟಸಾಲಿನಲ್ಲಿ ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ನಂಬಿದವನು ಊರು ಸೇರುವುದಿಲ್ಲ.

ಮೂಡಿಗೆರೆಯ ಸೀಮೆಯ ಪಡುವಣ ಅಂಚಿನಲ್ಲಿ ಬಲ್ಲಾಳರಾಯನದುರ್ಗವೆಂಬ ಹಳೆಯ ಕೋಟೆಯಿದೆ. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ಬಸ್ಸಿನಲ್ಲಿ ಸುಂಕಸಾಲೆಯಲ್ಲಿ ಇಳಿದು, ಕಾಫಿ ತೋಟವನ್ನೂ ಕಾಡನ್ನೂ ದಾಟಿ, ಮೊಣಕಾಲುದ್ದದ ಹುಲ್ಲಿನಲ್ಲಿ ಏರಬೇಕು. ಈ ಸಾಲಿನ ಬೆನ್ನಿನ ಮೇಲೆ ಬಿದ್ದ ಮಳೆಗೆ ಮೂರು ಗತಿಗಳುಂಟು. ಜಾವಳಿಯ ಮಗ್ಗುಲಿಗೆ ಸರಿದ ನೀರು ಹೇಮಾವತಿಯಾಗಿ ಗೊರೂರಿನ ಅಣೆಕಟ್ಟನ್ನು ತುಂಬಿಸಿ ಕಾವೇರಿಯನ್ನು ಸೇರುತ್ತದೆ. ಕಳಸದ ಮಗ್ಗುಲಿಗೆ ಹೊರಳಿದ್ದು ಭದ್ರೆಗೆ ಬಿದ್ದು, ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು, ಮುಂದೆ ಕೃಷ್ಣೆಯ ಪಾಲಾಗುತ್ತದೆ. ಪಡುವಣಕ್ಕೆ ಇಳಿದದ್ದು ನೇತ್ರಾವತಿಯ ನೀರು. ಮಂಗಳೂರಿನ ಬಳಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಮೊದಲೆರಡಕ್ಕೆ ಬಂಗಾಳ ಕೊಲ್ಲಿಯೇ ಗತಿ. ಭದ್ರೆಗೆ ಬಿದ್ದ ಹನಿ ಕಡಲನ್ನು ಕಾಣಲು ಸಾವಿರ ಕಿಲೋಮೀಟರಿಗೂ ಹೆಚ್ಚು ಅಲೆಯಬೇಕು. ಪಡುವಣ ಕಡಲಾದರೋ ಕಾಗೆ ಹಾರುವ ದಾರಿಯಲ್ಲಿ ನೂರು ಕಿಲೋಮೀಟರೂ ಇಲ್ಲ.

ಇಲ್ಲಿಯೇ ಇರುವುದು ಅಪಾಯದ ಬೀಜ. ಬೆನ್ನಿನ ಮೂಡಣ ಮಗ್ಗುಲು ಮೆಲ್ಲಗೆ ಇಳಿಯುತ್ತದೆ. ತೋಟಗಳು ಹಬ್ಬಿರುವುದು ಆ ಕಡೆಯೇ. ಪಡುವಣ ಮಗ್ಗುಲು ಗೋಡೆಯಂತೆ ಕಡಿದು ಬೀಳುತ್ತದೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟಾಗ ಉಳಿದ ಅಂಚು ಸವೆದು ಸವೆದು ಈ ಘಟ್ಟದ ಗೋಡೆಯಾಯಿತೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಕಡಲಿನಿಂದ ಬೀಸುವ ಒದ್ದೆ ಗಾಳಿ ಈ ಗೋಡೆಗೆ ಬಡಿದು ಮೇಲೇರುತ್ತದೆ, ಏರುತ್ತ ತಣಿಯುತ್ತದೆ, ತಣಿದದ್ದೇ ಮಂಜಾಗುತ್ತದೆ. ಆದುದರಿಂದಲೇ ಕೊಟ್ಟಿಗೆಹಾರದ ಮಳೆಗೂ ನಮ್ಮ ಚಿಕ್ಕಮಗಳೂರು ಪೇಟೆಯ ಮಳೆಗೂ ಅಜಗಜಾಂತರ. ಬೆಳಿಗ್ಗೆ ಕಣ್ಣು ಕೋರೈಸುವ ಬಿಸಿಲಿದ್ದ ಬೆನ್ನಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಮುಂದಿನವನ ಬೆನ್ನು ಕಾಣದಂತಾಗುವುದೂ ಇದರಿಂದಲೇ.

ಕಳೆದ ದಸರಾ ರಜೆಯಲ್ಲಿ ನಾವು ನಾಲ್ವರು ಅರಣ್ಯ ಇಲಾಖೆಯ ಅಪ್ಪಣೆ ಪಡೆದು ಅಲ್ಲಿಗೆ ಹೋಗಿದ್ದೆವು. ಬೆಟ್ಟದ ಬುಡದ ಕೊನೆಯ ಮನೆಯ ಗೌಡರು ದಾರಿ ತೋರಿಸಲು ಜೊತೆಗೆ ಬಂದಿದ್ದರು. ಎಪ್ಪತ್ತು ದಾಟಿದ ವಯಸ್ಸು; ಬರಿಗಾಲು; ಹೆಗಲ ಮೇಲೊಂದು ಕಂಬಳಿ. ಹೆಸರು ಬರೆಯಬೇಡಿರೆಂದು ಹೇಳಿರುವುದರಿಂದ ಗೌಡರೆಂದೇ ಬರೆಯುತ್ತೇನೆ. ನಮ್ಮ ಕಾಲುಗಳ ಇಂಬಳಗಳನ್ನು ಕೀಳುವುದರಲ್ಲಿ ನಾವು ಮಗ್ನರಾಗಿದ್ದಾಗ ಅವರು ಹೊಗೆಸೊಪ್ಪು, ಸುಣ್ಣ ಕಟ್ಟಿದ ಬಟ್ಟೆಯ ಗಂಟನ್ನು ಒದ್ದೆ ಮಾಡಿ ಮೌನವಾಗಿ ನಮ್ಮ ಕೈಗೆ ಕೊಟ್ಟರು.

ಕೋಟೆಯನ್ನು ದಾಟಿ ಬಂಡಾಜೆಯ ಕಡೆಗೆ ನಡೆಯುತ್ತಿದ್ದಾಗ ಮಂಜು ಇಳಿಯಿತು. ಗಂಟೆ ಮೂರು. ಗೌಡರು ಹಿಂದೆ ಉಳಿದಿದ್ದ ಒಬ್ಬನನ್ನು ಕರೆತರಲು ಹೋಗಿದ್ದರು. ನಮ್ಮ ಪಕ್ಕದಲ್ಲಿ ಹುಲ್ಲಿನ ನಡುವೆ ಒಂದು ಹಳ್ಳ ಹರಿಯುತ್ತಿತ್ತು: ತಿಳಿನೀರು, ಸದ್ದಿಲ್ಲ, ಅವಸರವಿಲ್ಲ. ಗೆಳೆಯನೊಬ್ಬನ ಮೊಬೈಲಿನ ನಕ್ಷೆಯಲ್ಲಿ ಅದೇ ಹಳ್ಳ ನೀಲಿ ಗೆರೆಯಾಗಿ ಕಾಣುತ್ತಿತ್ತು. ಗೆರೆಯ ತುದಿಯಲ್ಲಿ ಹಳ್ಳಿಯೊಂದು ಬಲು ಹತ್ತಿರವಾಗಿತ್ತು. ಕತ್ತಲಾಗುವುದರೊಳಗೆ ಇದನ್ನೇ ಹಿಡಿದು ಇಳಿಯೋಣವೆಂದು ಅವನು ಎದ್ದು ನಿಂತ. ಅಷ್ಟರಲ್ಲಿ ಮಂಜಿನೊಳಗಿಂದ ಗೌಡರ ಕೂಗು ಬಂತು.

"ಆ ನೀರು ಹಿಡಿಬ್ಯಾಡ್ರಪ್ಪ! ಅದು ನಮ್ಮ ಕಡೇದಲ್ಲ, ಕೆಳಗಿಂದು!"

ಅದು ಬಂಡಾಜೆಯ ಹಳ್ಳ. ಹುಲ್ಲುಗಾವಲಿನಲ್ಲಿ ಹಸುವಿನಂತೆ ಸಾಧುವಾಗಿ ಹರಿದು, ಮುಂದೆ ಯಾವ ಮುನ್ಸೂಚನೆಯನ್ನೂ ಕೊಡದೆ ಬಂಡೆಯ ಅಂಚಿನಿಂದ ಸುಮಾರು 200 ಅಡಿ ಕೆಳಕ್ಕೆ ಧುಮುಕುತ್ತದೆ. ನಕ್ಷೆಯ ಗೆರೆ ಆ ಧುಮುಕನ್ನು ತೋರಿಸುವುದಿಲ್ಲ. ಅದಕ್ಕೆ ಬೆಟ್ಟವೂ ಬಯಲೂ ಒಂದೇ. ಎದ್ದು ನಿಂತಿದ್ದ ಗೆಳೆಯ ಬಹಳ ಹೊತ್ತು ಮಾತನಾಡಲಿಲ್ಲ.

ಮಂಜಿನಲ್ಲಿ ದಿಕ್ಕು ತಿಳಿಯುವ ಬಗೆಯನ್ನು ಗೌಡರು ಹಿಂದಿರುಗುವಾಗ ತೋರಿಸಿಕೊಟ್ಟರು. ಬೆನ್ನಿನ ಮೇಲಿನ ಒಂಟಿ ಗಿಡಗಳೆಲ್ಲ ಮೂಡಣಕ್ಕೆ ಬಾಗಿರುತ್ತವೆ. ಮಳೆಗಾಲದುದ್ದಕ್ಕೂ ಬಡಿಯುವ ಪಡುವಣ ಗಾಳಿ ಅವುಗಳನ್ನು ಬಾಚಿಬಿಟ್ಟಿದೆ. ಬಾಗಿದ ತುದಿಯ ಕಡೆಗೆ ನಡೆದರೆ ತೋಟ, ಬೆನ್ನಿನ ಕಡೆಗೆ ನಡೆದರೆ ಪ್ರಪಾತ. ಗಾಳಿ ಮುಖಕ್ಕೆ ಒದ್ದೆಯಾಗಿ ತಾಗಿದರೆ ತಿರುಗಿ ನಿಲ್ಲಬೇಕು. ಕಣಿವೆಗಳ ಮಡಿಲಲ್ಲಿರುವ ಶೋಲಾ ಕಾಡನ್ನು ಹೊಕ್ಕಮೇಲೆ ಮಾತ್ರ ನೀರನ್ನು ನಂಬಬಹುದು, ಅದೂ ಮೂಡಣ ಮಗ್ಗುಲಿನದಾದರೆ. ಹುಲ್ಲೂ ಶೋಲಾವೂ ಮಳೆಯನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಹನಿಹನಿಯಾಗಿ ಬಿಡುವುದರಿಂದ ಅಲ್ಲಿನ ಹಳ್ಳಗಳು ಬತ್ತುವುದು ಅಪರೂಪ. ಅವುಗಳಿಗೆ ಕೆಳಗಿನ ಮನೆಯವರು ಕಪ್ಪು ಪೈಪು ಜೋಡಿಸಿರುತ್ತಾರೆ. ಕಪ್ಪು ಪೈಪು ಕಾಲಿಗೆ ತೊಡರಿದರೆ ಒಂದು ಅಡಿಗೆಮನೆ ಆ ತುದಿಯಲ್ಲಿದೆಯೆಂದೇ ಅರ್ಥ. ಇಷ್ಟೆಲ್ಲವನ್ನೂ ಅವರು ಕಲಿತದ್ದು ಮೇಯಲು ಬಿಟ್ಟ ದನಗಳನ್ನು ಹುಡುಕುತ್ತ. ಈಗ ಮೇಲಕ್ಕೆ ದನ ಹೊಡೆಯುವವರಿಲ್ಲ, ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಗೌಡರಾದಮೇಲೆ ಮಂಜಿನಲ್ಲಿ ಕೂಗುವವರು ಯಾರೆಂದು ಕೇಳಬೇಕೆಂದುಕೊಂಡೆ, ನಾಲಗೆ ಏಳಲಿಲ್ಲ.

ನಂಬಿದ ಮಗ್ಗುಲೂ ಸದಾ ಸಾಧುವಲ್ಲವೆಂಬುದನ್ನು ಅವರೇ ನೆನಪಿಸಿದರು. 2019ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಎಷ್ಟೋ ಕಡೆ ಗುಡ್ಡಗಳು ಜಾರಿ ಮನೆ, ತೋಟಗಳನ್ನು ನುಂಗಿದವು; ಚಾರ್ಮಾಡಿ ಘಾಟಿಯ ರಸ್ತೆ ಮುಚ್ಚಿಹೋಯಿತು.

ನಾವು ಒಂದು ಕಪ್ಪು ಪೈಪಿನ ಜಾಡಿನಲ್ಲಿಯೇ ಇಳಿದು ಅವರ ಮನೆ ಸೇರಿದಾಗ ದೀಪ ಹಚ್ಚಿದ್ದರು. ಅಮ್ಮ ಬೆಲ್ಲದ ಕಾಫಿಯನ್ನೂ, ಕೆಂಡದ ಮೇಲೆ ಸುಟ್ಟ ಅಕ್ಕಿರೊಟ್ಟಿಯನ್ನೂ ಮುಂದಿಟ್ಟು, "ಎಲ್ಲಿವರೆಗೆ ಹೋಗಿದ್ರಿ, ಮಕ್ಕಳೇ? ಅರ್ಬಿ ಕಂಡಿತಾ?" ಎಂದು ಕೇಳಿದರು. ಅರ್ಬಿಯೆಂದರೆ ತುಳುವಿನಲ್ಲಿ ಜಲಪಾತ. ಅಮ್ಮನ ತವರು ಘಟ್ಟದ ಕೆಳಗೆ, ಬೆಳ್ತಂಗಡಿಯ ಕಡೆ. ಐವತ್ತು ವರ್ಷಗಳ ಹಿಂದೆ ಅವರ ದಿಬ್ಬಣ ಆ ಗೋಡೆಯ ಕಾಲುದಾರಿಯಲ್ಲಿಯೇ ಹತ್ತಿ ಬಂದಿತ್ತಂತೆ. ಕೆಳಗಿನವರು ಉಪ್ಪು, ಒಣಮೀನು, ತೆಂಗಿನಕಾಯಿ ಹೊತ್ತು ಬರುತ್ತಿದ್ದರು. ಮೇಲಿನವರು ಏಲಕ್ಕಿ ಹೊತ್ತು ಇಳಿಯುತ್ತಿದ್ದರು. ಹಾಗೆಯೇ ಹೆಣ್ಣು ಕೊಟ್ಟು ತರುವುದೂ ನಡೆಯುತ್ತಿತ್ತು. ನೀರು ಅಲ್ಲಿ ಎರಡಾಗುತ್ತದೆಂದು ಭೂಗೋಳದ ಪುಸ್ತಕ ಹೇಳುವುದು ಸರಿಯೇ. ಜನ ಮಾತ್ರ ಆ ಗೆರೆಯನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟವರಲ್ಲ.

ಅಮ್ಮನಿಗೆ ಈಗ ಮಂಡಿನೋವು. ಬೆನ್ನಿನ ಮೇಲಕ್ಕೆ ಹೋಗಿ ಹದಿನೈದು ವರ್ಷವಾಯಿತಂತೆ. ಮೊದಲೆಲ್ಲ ದನದ ನೆಪ ಮಾಡಿಕೊಂಡು ಹತ್ತಿ, ಮಂಜು ಸರಿದ ಗಳಿಗೆಯಲ್ಲಿ ತವರಿನ ತೆಂಗಿನ ತೋಟವನ್ನು ಕಣ್ಣಲ್ಲಿ ಹುಡುಕುತ್ತಿದ್ದರಂತೆ. ಮಧ್ಯಾಹ್ನ ಮಂಜು ಇಳಿಯುವ ಮುನ್ನ ನಮ್ಮ ಗೆಳೆಯ ಕೆಳಗಿನ ಬಯಲಿನ ಒಂದು ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿದ್ದ. ಅದನ್ನು ಅಮ್ಮನ ಕೈಗಿತ್ತು, ಬೆರಳಿನಿಂದ ದೊಡ್ಡದು ಮಾಡುವುದನ್ನು ಹೇಳಿಕೊಟ್ಟ. ಅವರು ಒಲೆಯ ಬೆಳಕಿಗೆ ತಿರುಗಿ ಕುಳಿತು, ಹಸಿರು ಚುಕ್ಕೆಗಳ ಮೇಲೆ ಬೆರಳಾಡಿಸುತ್ತ ಹೋದರು. ರೊಟ್ಟಿ ಸೀದ ವಾಸನೆ ಬಂದಾಗ ಗೌಡರೇ ಎದ್ದು ಅದನ್ನು ಮಗುಚಿ ಹಾಕಿದರು.