ಅಟ್ಟದ ಮೇಲಿನ ಧ್ವನಿಗಳು

ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಬಹುಕಾಲದಿಂದ ಬಿದ್ದಿತ್ತು. ಅದರೊಳಗೆ 42 ಕ್ಯಾಸೆಟ್ಟುಗಳು. ಪ್ರತಿ ವರ್ಷ ಧೂಳು ಹೊಡೆಯುವಾಗ ಅದನ್ನು ಗುಜರಿಗೆ ಹಾಕಬೇಕೆಂದು ಮನೆಯಾಕೆಯ ಸೂಚನೆ. ಮುಂದಿನ ವರ್ಷ ನೋಡೋಣವೆಂದು ನನ್ನ ಉತ್ತರ. ಕಳೆದ ಬೇಸಗೆಯ ರಜೆಯಲ್ಲಿ ಆ ಧ್ವನಿಗಳನ್ನು ಗಣಕಕ್ಕೆ ಇಳಿಸಲು ಕುಳಿತೆ. ಅಂಥ ಪೆಟ್ಟಿಗೆ ವಾಚಕರಲ್ಲಿ ಹಲವರ ಮನೆಯಲ್ಲಿಯೂ ಇದ್ದೀತು.

ಈ ಕೆಲಸಕ್ಕೆ ಡಿಜಿಟಲೀಕರಣವೆಂದು ಹೆಸರು. ‘ಡಿಜಿಟ್’ ಎಂಬುದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಬೆರಳೆಂದು ಅರ್ಥ. ನಮ್ಮಲ್ಲಿ ಬೆರಳೆಣಿಕೆಯೆಂದರೆ ಅತ್ಯಲ್ಪ. ಗಣಕದ ಎಣಿಕೆಯಾದರೋ ಅಗಾಧ. ಕ್ಯಾಸೆಟ್ಟಿನ ಸುರುಳಿಗೆ ಲೇಪಿಸಿದ ಕಬ್ಬಿಣದ ಆಕ್ಸೈಡಿನ ಕಣಗಳಲ್ಲಿ ಧ್ವನಿಯು ಕಾಂತತ್ವದ ಏರಿಳಿತವಾಗಿ ನಿಂತಿರುತ್ತದೆ. ಗಣಕವು ಆ ಏರಿಳಿತವನ್ನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಅಂಕಿಯಾಗಿ ಬರೆದಿಡುತ್ತದೆ. ಲೇಪ ಉದುರಬಹುದು, ಮಳೆಗಾಲದ ತೇವಕ್ಕೆ ಸುರುಳಿ ಬೂಷ್ಟು ಹಿಡಿಯಬಹುದು. ಅಂಕಿಯು ಎಷ್ಟು ನಕಲು ತೆಗೆದರೂ ಸವೆಯದು.

ಸಲಕರಣೆ ಹೆಚ್ಚೇನೂ ಬೇಡ. ಕೆಡದಿರುವ ಒಂದು ಟೇಪ್ ರೆಕಾರ್ಡರು, ಅದರಿಂದ ಗಣಕಕ್ಕೆ ಒಂದು ತಂತಿ, ಆಡಾಸಿಟಿಯಂಥ ಉಚಿತ ತಂತ್ರಾಂಶ. ಬೇಕಾದುದು ತಾಳ್ಮೆ, ಅರುವತ್ತು ನಿಮಿಷದ ಕ್ಯಾಸೆಟ್ಟಿಗೆ ಅರುವತ್ತು ನಿಮಿಷವೂ ಹಿಡಿಯುತ್ತದೆ. ಮೊದಲಿಗೆ ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕುಗಳನ್ನು ಮುರಿದುಬಿಡಿ. ಅವು ಇಲ್ಲದಿದ್ದರೆ ರೆಕಾರ್ಡಿನ ಗುಂಡಿ ಒತ್ತಲಾಗದು.

ಇದನ್ನು ಒತ್ತಿ ಹೇಳಲು ಕಾರಣವುಂಟು. 1988ರಲ್ಲಿ ನಮ್ಮ ತಂದೆಯವರು ಜಗುಲಿಯಲ್ಲಿ ಕುಳಿತು ಕುಮಾರವ್ಯಾಸ ಭಾರತವನ್ನು ವಾಚಿಸಿದ್ದರು. ಕೃಷ್ಣನು ಕರ್ಣನನ್ನು ಏಕಾಂತಕ್ಕೆ ಕರೆದು ಜನ್ಮರಹಸ್ಯ ತಿಳಿಸುವ ಸಂದರ್ಭ. ಕೃಷ್ಣ ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಚಿತ್ರಗೀತೆಯೊಂದು ಮೊಳಗುತ್ತದೆ! ಅದು ಮುಗಿದು ತಂದೆಯವರ ಕಂಠ ಮರಳುವ ವೇಳೆಗೆ ಕರ್ಣನು ಆಗಲೇ ದುಃಖದಲ್ಲಿದ್ದಾನೆ. ಕಾಲೇಜಿನ ದಿನಗಳಲ್ಲಿ, ಬಾನುಲಿಯಲ್ಲಿ ಬಂದ ಹಾಡಿನ ಆಸೆಗೆ, ಕೈಗೆ ಸಿಕ್ಕ ಕ್ಯಾಸೆಟ್ಟನ್ನು ತುರುಕಿದವನು ನಾನೇ. ಯಾವ ತಂತ್ರಾಂಶವೂ ಆ ಮೂರೂವರೆ ನಿಮಿಷವನ್ನು ಮರಳಿ ಕೊಡಲಾರದು. ತಂದೆಯವರು ಈಗಿಲ್ಲ.

ಎಲ್ಲವನ್ನೂ ಇಳಿಸಬೇಕಾಗಿಯೂ ಇಲ್ಲ. ನಮ್ಮ ಪೆಟ್ಟಿಗೆಯಲ್ಲಿ 27 ಅಂಗಡಿಯಿಂದ ಕೊಂಡ ಹಾಡುಗಳೇ. ಅವು ಬೇರೆಡೆ ದೊರೆಯುತ್ತವೆಂದು ನೋಡಿಕೊಂಡು ಬಿಟ್ಟುಬಿಟ್ಟೆ. ಉಳಿದ 15 ಮನೆಯಲ್ಲಿಯೇ ಮುದ್ರಿಸಿದವು. ಒಂದು ಗಂಟೆಯ ಧ್ವನಿಗೆ ಸುಮಾರು 600 ಮೆಗಾಬೈಟ್ ಜಾಗ ಬೇಕು. ಹದಿನೈದೂ ಹೆಬ್ಬೆರಳ ಗಾತ್ರದ ಪೆನ್ ಡ್ರೈವಿನಲ್ಲಿ ಅಡಗಿದವು. ಒಂದನ್ನೇ ನಂಬಬಾರದೆಂದು ಇನ್ನೊಂದು ಪ್ರತಿಯನ್ನು ಶಿವಮೊಗ್ಗದಲ್ಲಿ ಅಕ್ಕನ ಮನೆಯಲ್ಲಿಟ್ಟಿದ್ದೇನೆ.

ಕಷ್ಟವಾದದ್ದು ಹೆಸರು ಬರೆಯುವುದು. ಆ ವಾಚನದ ನಡುವೆಯೇ ಒಬ್ಬ ಹೆಂಗಸು, “ಮಜ್ಜಿಗೆ ಇಟ್ಟಿದೀನಿ, ಕುಡಿದು ಓದಿ” ಎನ್ನುತ್ತಾರೆ. ಯಾರೆಂದು ನನಗೆ ಹೊಳೆಯಲೇ ಇಲ್ಲ. ಫೋನಿನಲ್ಲಿ ಕೇಳಿಸಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ದೊಡ್ಡಮ್ಮ ಕಣೋ, ಮರೆತೆಯಾ?” ಎಂದಳು. ಸುರುಳಿ ಇನ್ನೂ ಕೆಲವು ವರ್ಷ ಬಾಳೀತು. ದೊಡ್ಡಮ್ಮನ ದನಿಯನ್ನು ಗುರುತಿಸುವವಳು ಅಕ್ಕ ಒಬ್ಬಳೇ. ಆದ್ದರಿಂದ ಪ್ರತಿ ಕಡತದ ಹೆಸರಿನಲ್ಲಿಯೂ ವರ್ಷ, ಊರು, ಮಾತನಾಡಿದವರ ಹೆಸರು ಸೇರಿಸುತ್ತಿದ್ದೇನೆ. ಇನ್ನೂ ಆರು ಕ್ಯಾಸೆಟ್ಟುಗಳಲ್ಲಿ ಗುರುತು ಸಿಗದ ದನಿಗಳಿವೆ. ಬರುವ ಭಾನುವಾರ ಶಿವಮೊಗ್ಗಕ್ಕೆ ಹೊರಟಿದ್ದೇನೆ.