ನೀರು ಇಳಿದಾಗ ಕಾಣುವ ಗುಡಿ

ಬೇಸಿಗೆ ಸೂಟಿಗೆ ಹಿಡಕಲ್‌ನಿಂದ ಅರಭಾವಿಯವರೆಗೆ, ಘಟಪ್ರಭೆಯ ದಂಡೆಗುಂಟ

ಬೇಸಿಗೆ ಬಲಿತು ಹಿಡಕಲ್ ಜಲಾಶಯದ ಹಿನ್ನೀರು ಹಿಂದೆ ಸರಿದಂತೆ ಹುನ್ನೂರಿನ ಬಳಿ ಮೊದಲು ಒಂದು ಶಿಖರ ತಲೆ ಎತ್ತುತ್ತದೆ. ದಿನ ಕಳೆದಂತೆ ಅದರ ಕೆಳಗಿನ ಗೋಡೆ, ಕಲ್ಲಿನ ಕಂಬಗಳು, ಕಡೆಗೆ ಕಟ್ಟೆ. ತಿಂಗಳುಗಟ್ಟಲೆ ನೀರಿನೊಳಗೆ ನಿಂತಿದ್ದ ವಿಠ್ಠಲನ ಗುಡಿ ಕೆಸರು ಮೆತ್ತಿಕೊಂಡ ಮೈಯಲ್ಲೇ ಬಿಸಿಲಿಗೆ ಬರುತ್ತದೆ. ಸುಮಾರು ನೂರು ವರ್ಷದ ಹಿಂದಿನ ಕಟ್ಟಡವದು. ಅಣೆಕಟ್ಟು ಎದ್ದ ಮೇಲೆ ಊರು ಎತ್ತರಕ್ಕೆ ಹೋಯಿತು, ಗುಡಿ ಇದ್ದಲ್ಲೇ ಉಳಿಯಿತು. ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ಅದರ ದರ್ಶನ. ಆ ದಿನಗಳಲ್ಲಿ ಸುತ್ತಲಿನ ಹಳ್ಳಿಗಳ ಜನ ಬುತ್ತಿ ಕಟ್ಟಿಕೊಂಡು, ಮಕ್ಕಳ ಕೈ ಹಿಡಿದುಕೊಂಡು ಬಂದು ಕೈಮುಗಿದು ಹೋಗುತ್ತಾರೆ.

ಗೋಕಾಕ, ಹುಕ್ಕೇರಿ ಸೀಮೆಯನ್ನು ನೋಡಲು ಬರುವವರೆಲ್ಲ ಸಾಮಾನ್ಯವಾಗಿ ಮಳೆಗಾಲವನ್ನೇ ಆರಿಸಿಕೊಳ್ಳುತ್ತಾರೆ. ಗೋಕಾಕದ ಫಾಲ್ಸ್ ತುಂಬಿ ಬೀಳುವುದು ಆಗಲೇ, ಆದ್ದರಿಂದ ಅದು ಸರಿಯೇ. ಆದರೆ ಈ ನೀರು ಯಾರ ಊರನ್ನು ಮುಳುಗಿಸಿ ನಿಂತಿದೆ, ಯಾರ ಹೊಲಕ್ಕೆ ಹರಿಯುತ್ತಿದೆ, ಯಾವ ಬಂಡೆಯನ್ನು ಎಷ್ಟು ಆಳಕ್ಕೆ ಕೊರೆದಿದೆ ಎಂಬುದೆಲ್ಲ ಕಣ್ಣಿಗೆ ಬೀಳುವುದು ಬೇಸಿಗೆಯಲ್ಲಿ. ಸೂಟಿಯ ಮೂರು ದಿನವನ್ನು ಒಂದೇ ಹೊಳೆಯ ಜೊತೆ ಕಳೆಯುವ ಮನಸ್ಸಿದ್ದವರಿಗಾಗಿ ಈ ಪರಿಚಯ.

ಗುಡ್ಡದ ಕೆರೆ ಎಂದರೆ ಯಾವುದು?

ಬೇಸಿಗೆ ಸೂಟಿ ಎಂದ ಕೂಡಲೆ ನಮ್ಮ ಮನಸ್ಸು ಊಟಿಗೋ ಕೊಡೈಕೆನಾಲಿಗೋ ಓಡುತ್ತದೆ. ಬೆಳಗಾವಿ ಕಡೆಯವರಾದರೆ ಮಹಾಬಳೇಶ್ವರಕ್ಕೆ, ಇಲ್ಲವೇ ಆಂಬೋಲಿಗೆ. ಸುತ್ತ ಗುಡ್ಡ, ನಡುವೆ ಕೆರೆ, ದಂಡೆಯ ಮೇಲೊಂದು ಪುಟ್ಟ ಊರು: ಇದು ಎಲ್ಲರ ಕಲ್ಪನೆಯ ಚಿತ್ರ. ಆದರೆ ಊಟಿಯ ಕೆರೆಯನ್ನು 1820ರ ದಶಕದಲ್ಲಿ ಜಾನ್ ಸಲಿವನ್ ಹಳ್ಳಕ್ಕೆ ಒಡ್ಡು ಹಾಕಿಸಿ ಕಟ್ಟಿಸಿದ. ಕೊಡೈಕೆನಾಲಿನ ಕೆರೆ 1863ರದು, ಅದೂ ಒಬ್ಬ ಕಲೆಕ್ಟರ್ ಕಟ್ಟಿಸಿದ್ದು. ಮಹಾಬಳೇಶ್ವರದ ವೆಣ್ಣಾ ಕೆರೆಯನ್ನು ಕಟ್ಟಿಸಿದವರು ಸಾತಾರೆಯ ಅರಸರು. ಹುಟ್ಟಿನಿಂದಲೇ ಅಲ್ಲಿದ್ದವು ಎಂದು ನಾವು ಭಾವಿಸುವ ಈ ಕೆರೆಗಳೆಲ್ಲ ಹಿಡಕಲ್ಲಿನ ಹಾಗೆ ಮನುಷ್ಯ ಕಟ್ಟಿದ ನೀರೇ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಘಟಪ್ರಭೆಯ ಈ ಸೀಮೆ ತಂಪಿನ ಗಿರಿಧಾಮವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗೋಕಾಕದ ಬಂಡೆಗಳು ಮಧ್ಯಾಹ್ನ ಕಾದ ಹಂಚಿನಂತಿರುತ್ತವೆ. ಇಲ್ಲಿ ತಂಪೆಂದರೆ ನಸುಕಿನ ಹೊಳೆದಂಡೆ, ಮರದ ನೆರಳು, ಸಂಜೆ ಹಿನ್ನೀರಿನ ಮೇಲಿಂದ ಬೀಸುವ ಗಾಳಿ. ಆದರೆ ಗಿರಿಧಾಮಗಳ ಮೇಲೆ ಸುರಿದ ಮಳೆ ಕೆಳಗಿಳಿದು ನಿಲ್ಲುವ ಜಾಗ ಇದು. ಘಟಪ್ರಭೆ ಹುಟ್ಟುವುದು ಪಶ್ಚಿಮಘಟ್ಟದಲ್ಲಿ. ಅದನ್ನು ಹಿಡಕಲ್ಲಿನ ಕೆಳಗೆ ಸೇರುವ ಹಿರಣ್ಯಕೇಶಿ ಹುಟ್ಟುವುದು ಆಂಬೋಲಿಯಲ್ಲಿ. ಆಂಬೋಲಿಗೆ ಮಳೆ ನೋಡಲು ಹೋಗುವ ನಾವು ಆ ಮಳೆ ಮುಂದೆ ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ಅದು ಬರುವುದು ಇಲ್ಲಿಗೆ.

ಹಿಡಕಲ್: ಹತ್ತು ಕಿಲೋಮೀಟರಿನ ಒಡ್ಡು

ಬೆಳಗಾವಿಯಿಂದ ಸಂಕೇಶ್ವರದ ಕಡೆ ಹೋಗುವ ಹೆದ್ದಾರಿಯಲ್ಲಿ ಯಮಕನಮರಡಿ, ಹತ್ತರಗಿಯ ಹತ್ತಿರ ಬಲಕ್ಕೆ ತಿರುಗಿದರೆ ದಾರಿ ಹಿಡಕಲ್ಲಿಗೆ ಇಳಿಯುತ್ತದೆ. ಅಣೆಕಟ್ಟಿನ ಬುಡದಲ್ಲಿ ಬೆಳೆದ ಊರಿಗೆ ಜನರಿಟ್ಟ ಹೆಸರೇ ‘ಹಿಡಕಲ್ ಡ್ಯಾಮ್’. ಸರಕಾರಿ ಕಾಗದದಲ್ಲಿ ಅಣೆಕಟ್ಟಿನ ಹೆಸರು ರಾಜಾ ಲಖಮಗೌಡ ಜಲಾಶಯ. ವಂಟಮುರಿಯ ದೇಸಾಯಿ ರಾಜಾ ಲಖಮಗೌಡರು ಶಿಕ್ಷಣಕ್ಕೆ ಕೈಯೆತ್ತಿ ಕೊಟ್ಟವರು. ಬೆಳಗಾವಿಯ ವಿಜ್ಞಾನ ಕಾಲೇಜು, ಕಾನೂನು ಕಾಲೇಜುಗಳು ಇಂದಿಗೂ ಅವರ ಹೆಸರು ಹೊತ್ತಿವೆ.

1977ರಲ್ಲಿ ಪೂರ್ಣಗೊಂಡ ಈ ಒಡ್ಡಿನ ಉದ್ದ ಹತ್ತು ಕಿಲೋಮೀಟರಿಗೂ ಮಿಕ್ಕಿದೆ. ಹೆಚ್ಚಿನ ಭಾಗ ಮಣ್ಣಿನದು. ಪೂರ್ತಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2175 ಅಡಿ, ಸಂಗ್ರಹ ಸುಮಾರು 51 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಮೂರು ಲಕ್ಷ ಹೆಕ್ಟೇರಿಗೂ ಹೆಚ್ಚು ಭೂಮಿಗೆ ನೀರುಣಿಸುವ ಯೋಜನೆ ಇದು. ಬೆಳಗಾವಿ ನಗರದ ನಲ್ಲಿಗಳಿಗೂ ಇಲ್ಲಿನ ನೀರು ಹೋಗುತ್ತದೆ. ಅಂದರೆ ಸೂಟಿಗೆಂದು ಬೆಳಗಾವಿಯಿಂದ ಬಂದು ಈ ದಂಡೆಯಲ್ಲಿ ನಿಂತವರು ತಮ್ಮ ಮನೆಯ ಕೊಡದ ನೀರನ್ನೇ ನೋಡುತ್ತಿರುತ್ತಾರೆ.

ಮೇ ತಿಂಗಳಲ್ಲಿ ನೀರು ಕೆಳಗಿಳಿದಾಗ ದಂಡೆಯುದ್ದಕ್ಕೂ ಪಟ್ಟಿ ಪಟ್ಟಿಯಾಗಿ ಗೆರೆಗಳು ಮೂಡುತ್ತವೆ. ಯಾವ ದಿನ ನೀರು ಎಲ್ಲಿತ್ತೆಂಬುದನ್ನು ಜಲಾಶಯವೇ ಬರೆದಿಟ್ಟ ಹಾಗೆ. ತೇವ ಆರಿದ ಕಡೆ ಹಸಿರು ಚಿಗುರುತ್ತದೆ, ಅಲ್ಲಿಗೆ ದನ, ಕುರಿ ಮೇಯಲು ಬರುತ್ತವೆ. ಹುನ್ನೂರಿನ ಗುಡಿಗೆ ಹೋಗುವುದಿದ್ದರೆ ಬೆಳಿಗ್ಗೆಯೇ ಹೋಗಿ. ಬಿಸಿಲಿಗೆ ಬಿರಿದ ಕೆಸರು ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಮೆತ್ತಗಿರುತ್ತದೆ. ಸ್ಥಳೀಯರು ನಡೆದ ಜಾಡನ್ನೇ ಹಿಡಿಯಬೇಕು. ಗುಡಿಯ ಮುಂದೆ ಪ್ಲಾಸ್ಟಿಕ್ ಬಿಟ್ಟು ಬಂದರೆ ಜೂನಿನಲ್ಲಿ ಏರುವ ನೀರು ಅದನ್ನು ತನ್ನೊಳಗೆ ತೆಗೆದುಕೊಳ್ಳುತ್ತದೆ, ಮುಂದೆ ಅದನ್ನು ಕುಡಿಯುವವರು ನಾವೇ.

ಗುಡಿಯ ಕಟ್ಟೆಯ ಮೇಲೆ ಕೂತು ಮಕ್ಕಳಿಗೆ ಒಂದು ವಿಷಯ ಹೇಳಬಹುದು. ಕೆಳಗಿನ ಊರುಗಳ ಕಬ್ಬು ಹಸಿರಾಗಲೆಂದು ಇಲ್ಲಿಯ ಕೆಲವು ಊರುಗಳು ತಮ್ಮ ಮನೆ, ಹೊಲ, ಗುಡಿ, ಹಿರಿಯರ ಗೋರಿಗಳನ್ನು ನೀರಿಗೆ ಬಿಟ್ಟುಕೊಟ್ಟವು. ಮಕ್ಕಳಿಗೆ ಇದನ್ನು ತೋರಿಸಲು ಬೇರೆ ಸಾಕ್ಷಿ ಬೇಕಿಲ್ಲ.

ಧೂಪದಾಳ ಮತ್ತು ಘಟಪ್ರಭಾ

ಹಿಡಕಲ್ಲಿನಿಂದ ಹೊಳೆಯ ಜೊತೆ ಕೆಳಗಿಳಿದರೆ ಧೂಪದಾಳ ಸಿಗುತ್ತದೆ. ಹಿಡಕಲ್ ಕಟ್ಟುವ ಎಷ್ಟೋ ಮೊದಲೇ, 19ನೇ ಶತಮಾನದ ಕೊನೆಯ ದಶಕಗಳಲ್ಲಿ, ಬ್ರಿಟಿಷರ ಆಡಳಿತ ಇಲ್ಲಿ ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿಸಿ ಎಡದಂಡೆ ಕಾಲುವೆಗೆ ನೀರು ತಿರುಗಿಸಿತು. ಬರದ ಭಯ ಕಾಡುತ್ತಿದ್ದ ಕಾಲದ ಕಾಮಗಾರಿ ಅದು. ಒಡ್ಡಿನ ಹಿಂದೆ ನಿಂತ ನೀರು, ನಡುಗಡ್ಡೆಗಳು, ಸುತ್ತಲಿನ ಪೈರು ಹಕ್ಕಿಗಳಿಗೆ ಹೇಳಿ ಮಾಡಿಸಿದಂತಾದವು. 1974ರಲ್ಲಿ ಇದು ಘಟಪ್ರಭಾ ಪಕ್ಷಿಧಾಮವೆಂದು ಘೋಷಣೆಯಾಯಿತು, ವಿಸ್ತಾರ 29.78 ಚದರ ಕಿಲೋಮೀಟರು. ದೂರದೇಶದ ಕೊಕ್ಕರೆ, ಕ್ರೌಂಚಗಳು ಬರುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಇಲ್ಲೇ ಇರುವ ಹಕ್ಕಿಗಳ ಸಂಸಾರ ನೋಡಬಹುದು: ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದು ಕೂತ ನೀರುಕಾಗೆ, ತೆಳುನೀರಿನಲ್ಲಿ ಹೆಜ್ಜೆ ಎಣಿಸುವ ಬೆಳ್ಳಕ್ಕಿ, ತಂತಿಯ ಮೇಲಿಂದ ಬಾಣದಂತೆ ಇಳಿಯುವ ಮಿಂಚುಳ್ಳಿ. ಬೆಳಗಿನ ಆರರಿಂದ ಎಂಟರವರೆಗೆ ಸದ್ದಿಲ್ಲದೆ ಕೂರುವ ತಾಳ್ಮೆ ಇದ್ದರೆ ಸಾಕು.

ಪಕ್ಕದಲ್ಲೇ ಘಟಪ್ರಭಾ, ಮೀರಜ–ಬೆಳಗಾವಿ ರೈಲುದಾರಿಯ ನಿಲ್ದಾಣ. ಹವೆಯನ್ನು ನಂಬಿ ಮೈ ಸುಧಾರಿಸಿಕೊಳ್ಳಲು ಜನ ಬರುತ್ತಿದ್ದ ಊರು ಇದು. 1929ರಲ್ಲಿ ಇಲ್ಲಿ ಆರಂಭವಾದ ಕರ್ನಾಟಕ ಆರೋಗ್ಯಧಾಮದ ಹೆಸರು ಉತ್ತರ ಕರ್ನಾಟಕದಲ್ಲಿ ಮನೆಮಾತು. ಗಿರಿಧಾಮಗಳು ಆಳುವವರ ವಿರಾಮಕ್ಕೆ ಹುಟ್ಟಿದವು. ಆರೋಗ್ಯಧಾಮ ನಮ್ಮ ಜನರ ಆರೈಕೆಗೆ ಹುಟ್ಟಿತು. ಹಿಂದುಸ್ತಾನಿ ಸೇವಾದಳವನ್ನು 1923ರಲ್ಲಿ ಕಟ್ಟಿದ ಡಾ. ನಾ.ಸು. ಹರ್ಡೀಕರರ ಬಾಳಿನ ನಂಟೂ ಇದೇ ಊರಿನದು.

ಗೋಕಾಕ ಫಾಲ್ಸ್: ನೀರಿಲ್ಲದ ಧುಮುಕು

ಗೋಕಾಕ ಪಟ್ಟಣದಿಂದ ಸುಮಾರು 6 ಕಿಲೋಮೀಟರು, ಕೊಣ್ಣೂರಿನ ಬಗಲಿಗೆ ಫಾಲ್ಸ್. ಕುದುರೆಲಾಳದ ಆಕಾರದ ಅಂಚಿನಿಂದ ಹೊಳೆ 52 ಮೀಟರು ಕೆಳಗೆ ಬೀಳುತ್ತದೆ. ಮೇ ತಿಂಗಳಲ್ಲಿ ಅಲ್ಲಿ ಬೀಳುವುದು ಒಂದೆರಡು ಎಳೆ ನೀರು, ಕೆಲವು ವರ್ಷ ಅದೂ ಇರುವುದಿಲ್ಲ. ಹಾಗೆಂದು ಮುಖ ತಿರುಗಿಸಿ ಹೋಗಬೇಡಿ. ಆಗಸ್ಟಿನಲ್ಲಿ ಕೆಂಪು ನೀರಿನ ಹೊಗೆಯೊಳಗೆ ಮುಚ್ಚಿರುವ ಬಂಡೆಯ ಮೈ ಈಗ ಪೂರ್ತಿ ಬಿಚ್ಚಿರುತ್ತದೆ. ಪದರ ಪದರವಾದ ಮರಳುಗಲ್ಲು, ಉರುಳುಕಲ್ಲು ಸುತ್ತಿ ಸುತ್ತಿ ಕೊರೆದ ಗುಂಡಿಗಳು, ಆಚೆ ದಂಡೆಯಿಂದ ಈಚೆ ದಂಡೆಗೆ ತೂಗುವ ಸೇತುವೆ. ಸೇತುವೆಯ ಉದ್ದ ಸುಮಾರು 200 ಮೀಟರು. ಅದರ ಮೇಲೆ ಎಲ್ಲ ದಿನವೂ ಬಿಡುವುದಿಲ್ಲ, ಕಾವಲುಗಾರರ ಮಾತು ಮೀರಬಾರದು. ದಂಡೆಯ ಮೇಲಿನ ಮಹಾಲಿಂಗೇಶ್ವರನ ಗುಡಿ ಚಾಲುಕ್ಯ ಶೈಲಿಯದು. ಅದರ ಕಂಬಸಾಲಿನ ತಂಪಿನಲ್ಲಿ ಮಧ್ಯಾಹ್ನ ಕಳೆಯಬಹುದು.

ಫಾಲ್ಸಿನ ಊರು ಹುಟ್ಟಿದ್ದು ಗಿರಣಿಯಿಂದ. 1880ರ ದಶಕದಲ್ಲಿ ಇಲ್ಲಿ ನೂಲಿನ ಗಿರಣಿ ಎದ್ದಿತು. ಬೀಳುವ ನೀರಿನ ಬಲದಿಂದ ಕೆಳಗಿನ ಚಕ್ರಗಳನ್ನು ತಿರುಗಿಸಿ, ಆ ಶಕ್ತಿಯನ್ನು ಮೇಲಿನ ಯಂತ್ರಗಳಿಗೆ ಒಯ್ದರು. ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ವಿದ್ಯುತ್ತು ತೆಗೆದದ್ದು 1902ರಲ್ಲಿ. ಅದಕ್ಕೂ ಹದಿನೈದು ವರ್ಷದ ಹಿಂದೆಯೇ ಘಟಪ್ರಭೆ ಗಿರಣಿಯಲ್ಲಿ ದುಡಿಯಲು ಹತ್ತಿತ್ತು. ಕಾರ್ಮಿಕರ ಮನೆಸಾಲು, ಗಿರಣಿಯ ಭೋಂಗಾಕ್ಕೆ ಹೊಂದಿಕೊಂಡ ದಿನಚರಿ, ತಲೆಮಾರುಗಳ ಬದುಕು, ಎಲ್ಲವೂ ಈ ಧುಮುಕಿನ ಸುತ್ತಲೇ ಬೆಳೆದವು.

ನಡೆಯುವ ಉಮೇದಿದ್ದವರಿಗೆ ಮಾರ್ಕಂಡೇಯ ಹೊಳೆಯ ಗೊಡಚಿನಮಲ್ಕಿ ಇದೆ. ಕಾಡಿನ ನಡುವೆ ಎರಡು ಹಂತದಲ್ಲಿ ಇಳಿಯುವ ಜಲಪಾತವದು. ಯೋಗಿಕೊಳ್ಳದ ಕಮರಿಯೂ ಹತ್ತಿರವೇ. ಬೇಸಿಗೆಯಲ್ಲಿ ಎರಡೂ ಕಡೆ ನೀರು ಕಡಿಮೆ, ನೆರಳು ಹೆಚ್ಚು.

ಅರಭಾವಿ: ನೀರು ತಲುಪುವ ಜಾಗ

ಹೊಳೆಯ ಕತೆ ಮುಗಿಯುವುದು ಹೊಲದಲ್ಲಿ. ಧೂಪದಾಳದಿಂದ ಹೊರಟ ಕಾಲುವೆ ಅರಭಾವಿ, ಮೂಡಲಗಿಯ ಸೀಮೆಗೆ ಬರುತ್ತಿದ್ದಂತೆ ನೆಲದ ಬಣ್ಣವೇ ಬದಲಾಗುತ್ತದೆ. ಮಡ್ಡಿಯ ಕಲ್ಲುನೆಲ ಹಿಂದಾಗಿ ಕಬ್ಬು, ಗೋವಿನಜೋಳ, ಅರಿಸಿಣದ ಹಸಿರು ಎದುರಾಗುತ್ತದೆ. ಅರಭಾವಿಯಲ್ಲಿ ದುರದುಂಡೇಶ್ವರ ಮಠವಿದೆ, ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜೂ ಇದೆ. ನೀರು ಬಂದಲ್ಲಿ ತೋಟ, ತೋಟ ಬಂದಲ್ಲಿ ಅದರ ವಿದ್ಯೆ. ಸಂಜೆ ಕಾಲುವೆ ಏರಿಯ ಮೇಲೆ ಒಂದು ಮೈಲಿ ನಡೆದರೆ ಹಿಡಕಲ್ಲಿನಲ್ಲಿ ನೋಡಿದ ನೀರಿನ ಅರ್ಥ ತಿಳಿಯುತ್ತದೆ. ಆದರೆ ನೀರು ಸುಮ್ಮನೆ ಹರಿದರೆ ಕೇಡೂ ಉಂಟು. ಹದ ಮೀರಿ ನೀರು ಕಟ್ಟಿದ ಎರೆಹೊಲ ಸವಳು ಹಿಡಿಯುತ್ತದೆ. ಅಂಥ ಬಿಳಿಚಿದ ತುಂಡುಗಳು ದಾರಿಬದಿಯಲ್ಲಿ ಕಂಡರೆ ಒಂದು ಗಳಿಗೆ ನಿಂತು ನೋಡಿ.

ಈ ಸೀಮೆಗೆ ಮಾತಿನ ಬೆಳೆಯೂ ಸಮೃದ್ಧ. ಶ್ರೀಕೃಷ್ಣ ಪಾರಿಜಾತವೆಂಬ ಆಟಕ್ಕೆ ರೂಪ ಕೊಟ್ಟ ಕುಲಗೋಡ ತಮ್ಮಣ್ಣನ ಊರು ಕುಲಗೋಡ ಇಲ್ಲಿಯದೇ. ಆ ಆಟವನ್ನು ಊರೂರಿಗೆ ಒಯ್ದ ನಿಂಗಮ್ಮ ಕೌಜಲಗಿಯವಳು. ಆನಂದಕಂದರ ಬೆಟಗೇರಿ, ಬಸವರಾಜ ಕಟ್ಟೀಮನಿಯವರ ಮಲಾಮರಡಿ ಗೋಕಾಕ ಸೀಮೆಯವು. ಚಂದ್ರಶೇಖರ ಕಂಬಾರರು ಹುಟ್ಟಿದ ಘೋಡಗೇರಿ ಹುಕ್ಕೇರಿ ತಾಲೂಕಿನದು, ಘಟಪ್ರಭೆಯ ದಂಡೆಯ ಊರು. ಅವರ ಬರವಣಿಗೆಯ ಶಿವಾಪುರಕ್ಕೆ ಬೇರು ಸಿಕ್ಕಿದ್ದು ಈ ಮಣ್ಣಿನಲ್ಲಿ.

ಮೂರು ದಿನದ ಸೂಟಿ

ಮೊದಲ ದಿನ ಹಿಡಕಲ್ ಮತ್ತು ಹುನ್ನೂರು. ಎರಡನೆಯ ದಿನ ನಸುಕಿಗೆ ಧೂಪದಾಳ, ಆಮೇಲೆ ಫಾಲ್ಸ್, ಸಂಜೆ ಗೋಕಾಕದ ಪೇಟೆ. ಮೂರನೆಯ ದಿನ ಗೊಡಚಿನಮಲ್ಕಿ ಅಥವಾ ಅರಭಾವಿಯ ಕಾಲುವೆ. ಗೋಕಾಕದಲ್ಲಿ ಉಳಿದುಕೊಂಡರೆ ಎಲ್ಲವೂ ಹತ್ತಿರ. ಬೆಳಿಗ್ಗೆ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ ತಿರುಗಾಡಿ, ನಡುವಿನ ಹೊತ್ತನ್ನು ನೆರಳಿಗೆ ಬಿಡಿ.

ಊಟಕ್ಕೆ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮರಳುವಾಗ ಕರದಂಟು. ಅಂಟನ್ನು ತುಪ್ಪದಲ್ಲಿ ಕರಿದು, ಬೆಲ್ಲದ ಪಾಕಕ್ಕೆ ಉತ್ತತ್ತಿ, ಒಣಕೊಬ್ಬರಿ, ಗೋಡಂಬಿಗಳ ಜೊತೆ ಕೂಡಿಸಿದ್ದು. ಬಾಣಂತಿಯರ ಮೈಗೆ ಬಲ ಬರಲೆಂದು ಕೊಡುವ ತಿನಿಸು, ಬಿಸಿಲಿನಲ್ಲಿ ಒಂದು ತುಂಡು ಸಾಕು. ಗೋಕಾಕದ ಕಟ್ಟಿಗೆಯ ಬಣ್ಣದ ಗೊಂಬೆಗಳನ್ನು, ಹಣ್ಣುಗಳನ್ನು ಮಾಡುವ ಕೈಗಳು ಈಗ ಕಡಿಮೆಯಾಗಿವೆ. ಸಿಕ್ಕರೆ ಚೌಕಾಸಿ ಮಾಡದೆ ಕೊಳ್ಳಿ.

ಹಿನ್ನೀರಿನಲ್ಲಿ ಈಜಬೇಡಿ. ಫಾಲ್ಸಿನ ಅಂಚಿಗೆ ಹೋಗಬೇಡಿ. ಕೆಳಗಿನ ಊರುಗಳಿಗೆ ಕುಡಿಯುವ ನೀರು ಬಿಟ್ಟಾಗ ಒಣಗಿದ ಹೊಳೆಯೂ ಏರುತ್ತದೆ. ಇದೇ ಹೊಳೆ 2019ರ ಆಗಸ್ಟಿನಲ್ಲಿ ಲೋಳಸೂರ ಸೇತುವೆ ಮುಳುಗಿಸಿ ಗೋಕಾಕದ ಓಣಿಗಳಿಗೆ ನುಗ್ಗಿತ್ತು.

ಜೂನ್ ಬಂದರೆ ಘಟ್ಟದ ಮೇಲೆ ಮಳೆ ಹಿಡಿಯುತ್ತದೆ. ಹೊಸ ನೀರು ಕೆಂಪಗೆ ಬಂದು ಹುನ್ನೂರಿನ ಗುಡಿಯ ಕಟ್ಟೆಗೆ ಮುಟ್ಟುತ್ತದೆ, ಕಂಬ ಏರುತ್ತದೆ, ಒಂದು ದಿನ ಶಿಖರವೂ ಕಾಣದಾಗುತ್ತದೆ. ಆಮೇಲೆ ಫಾಲ್ಸ್ ನೋಡಲು ಜನ ಸಾಲುಗಟ್ಟುತ್ತಾರೆ. ಬೇಸಿಗೆಯಲ್ಲಿ ಒಮ್ಮೆ ಬಂದು ಹೋದವರು ಆ ಸಾಲಿನಲ್ಲಿ ನಿಂತಾಗ, ಮೇಲೆ ಎಲ್ಲೋ ಈ ನೀರಿನ ಕೆಳಗೆ ವಿಠ್ಠಲ ನಿಂತಿದ್ದಾನೆಂದು ನೆನೆಯುತ್ತಾರೆ.