ನಿಮಗಿದು ಗೊತ್ತೇ? – ಹಡಗಿನ ದುಡಿಮೆಗೆ ಪುಸ್ತಕವೇ ಸಾಕ್ಷಿ

ಇಂದು ಒಂದು ಹಡಗು, ಆರು ತಿಂಗಳ ಮೇಲೆ ಇನ್ನೊಂದು. ಹೀಗೆ ದುಡಿಯುವ ನಾವಿಕನಿಗೆ ತನ್ನ ಸೇವೆಯನ್ನು ತೋರಿಸಲು ಇರುವ ಆಧಾರ ದಾಖಲೆಯೊಂದೇ.

● ವ್ಯಾಪಾರಿ ಹಡಗಿನ ಕ್ಯಾಪ್ಟನ್ ಸಿಬ್ಬಂದಿಯ ಹೆಸರುಪಟ್ಟಿ ಇಡಲೇಬೇಕೆಂದು ಬ್ರಿಟನ್ 1747ರಲ್ಲಿ ಕಾನೂನು ಮಾಡಿತು. ಗಾಯಗೊಂಡ ನಾವಿಕರ, ವಿಧವೆಯರ ನೆರವಿನ ನಿಧಿಗೆ ಪ್ರತಿಯೊಬ್ಬರ ಸಂಬಳದಲ್ಲಿ ತಿಂಗಳಿಗೆ 6 ಪೆನ್ನಿ ಮುರಿದುಕೊಳ್ಳಲು ಆ ಪಟ್ಟಿ ಬೇಕಿತ್ತು.

● ಬ್ರಿಟಿಷ್ ನೌಕಾಪಡೆ ಅಮೆರಿಕದ ನಾವಿಕರನ್ನು ಬಲವಂತವಾಗಿ ಹಿಡಿದೊಯ್ಯುತ್ತಿತ್ತು. ಅದನ್ನು ತಡೆಯಲು ಅಮೆರಿಕ 1796ರಿಂದ ರಕ್ಷಣಾಪತ್ರ ಕೊಡತೊಡಗಿತು. ಫೋಟೊ ಇಲ್ಲದ ಕಾಲ. ಎತ್ತರ, ಮೈಬಣ್ಣ, ಗಾಯದ ಕಲೆ, ಹಚ್ಚೆಗಳೇ ಗುರುತು.

● ಯುದ್ಧ ಬಂದರೆ ಎಷ್ಟು ನಾವಿಕರು ಸಿಗುತ್ತಾರೆಂದು ತಿಳಿಯಲು ಬ್ರಿಟನ್ 1835ರಲ್ಲಿ ನೋಂದಣಿ ಆರಂಭಿಸಿತು. 1844ರಲ್ಲಿ ನೋಂದಣಿ ಟಿಕೆಟ್ ಕಡ್ಡಾಯವಾಯಿತು. ನಾವಿಕರು ಅದನ್ನು ಇಷ್ಟಪಡಲಿಲ್ಲ, 1853ರಲ್ಲಿ ರದ್ದಾಯಿತು.

● ಬ್ರಿಟಿಷ್ ನಾವಿಕನ ಒಂದೊಂದು ಹಡಗಿನ ಸೇವೆಯನ್ನೂ ದಾಖಲಿಸುವ ಡಿಸ್ಚಾರ್ಜ್ ಪುಸ್ತಕದಲ್ಲಿ ಕೆಲಸಕ್ಕೂ ನಡತೆಗೂ ‘ವೆರಿ ಗುಡ್’ ಮುದ್ರೆ ಬೀಳುತ್ತಿತ್ತು. ಅದರ ಬದಲು ‘ವರದಿ ಕೊಡಲು ಒಪ್ಪುವುದಿಲ್ಲ’ ಎಂಬ ಮುದ್ರೆ ಬಿದ್ದರೆ ಮುಂದಿನ ಹಡಗು ಸಿಗುವುದೇ ಕಷ್ಟ.

● ಇಂಥ ಮುದ್ರೆಗೆ ವಿರುದ್ಧವಾದ ನಿಯಮ ತಂದದ್ದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1926ರ ಒಪ್ಪಂದ. ನಾವಿಕನಿಗೆ ಕೊಡುವ ಸೇವಾ ದಾಖಲೆಯಲ್ಲಿ ಕೆಲಸದ ಗುಣಮಟ್ಟವನ್ನಾಗಲಿ ಸಂಬಳವನ್ನಾಗಲಿ ಬರೆಯಕೂಡದು ಎಂದಿತು ಅದು. 2006ರ ಕಡಲ ಕಾರ್ಮಿಕ ಒಪ್ಪಂದದಲ್ಲೂ ಇದೇ ನಿಯಮವಿದೆ. ಭಾರತ ಅದನ್ನು 2015ರಲ್ಲಿ ಒಪ್ಪಿಕೊಂಡಿತು.

● 1912ರ ಏಪ್ರಿಲ್ 15ರಂದು ಟೈಟಾನಿಕ್ ಮುಳುಗಿತು. ಬದುಕುಳಿದ ಸಿಬ್ಬಂದಿಯ ಸಂಬಳವೂ ಅಂದಿಗೇ ನಿಂತಿತು. ಹಡಗು ಮುಳುಗಿದರೆ ಸೇವೆಯೂ ಅಂದಿಗೇ ಮುಗಿಯಿತು ಎನ್ನುತ್ತಿತ್ತು ಆಗಿನ ಕಾನೂನು. ಹಡಗು ಮುಳುಗಿ ಕೆಲಸ ಹೋದವರಿಗೆ 2 ತಿಂಗಳ ಸಂಬಳದವರೆಗೆ ಪರಿಹಾರ ಎಂಬ ಅಂತಾರಾಷ್ಟ್ರೀಯ ಒಪ್ಪಂದ ಬಂದದ್ದು 1920ರಲ್ಲಿ.

● ಬ್ರಿಟಿಷ್ ಹಡಗುಗಳ ಹಳೆಯ ಸಿಬ್ಬಂದಿ ಪಟ್ಟಿಗಳ ಬಹುಪಾಲು ಇಂದು ಇರುವುದು ಬ್ರಿಟನ್ನಿನಲ್ಲಲ್ಲ, ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿ!

● ಭಾರತದ ನಾವಿಕರ ಸೇವಾ ಪುಸ್ತಕಕ್ಕೆ ‘ಸಿ.ಡಿ.ಸಿ.’ (ಕಂಟಿನ್ಯುಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್) ಎಂದು ಹೆಸರು. ಅದನ್ನು ಕೊಡುವ ಶಿಪ್ಪಿಂಗ್ ಮಾಸ್ಟರ್ ಕಚೇರಿಗಳು ಮುಂಬೈ, ಕೋಲ್ಕತ್ತ, ಚೆನ್ನೈಗಳಲ್ಲಿವೆ. ಮುಖದ ಬಯೋಮೆಟ್ರಿಕ್ ವಿವರವಿರುವ ನಾವಿಕರ ಗುರುತುಚೀಟಿಯನ್ನು ಜಗತ್ತಿನಲ್ಲೇ ಮೊದಲು ತಂದದ್ದು ಭಾರತ, 2019ರಲ್ಲಿ.

● ಬಡ್ತಿಯ ಪರೀಕ್ಷೆಗೆ ಕೂರಲು ಸಮುದ್ರದಲ್ಲಿ ಕಳೆದ ದಿನಗಳ ಲೆಕ್ಕ ಬೇಕು. ಪುಸ್ತಕದಲ್ಲಿ ಹಡಗಿಗೆ ಸೇರಿದ (ಸೈನ್ ಆನ್), ಬಿಟ್ಟ (ಸೈನ್ ಆಫ್) ತಾರೀಖು ತಪ್ಪಿದರೆ ದುಡಿದ ದಿನಗಳೇ ಕೈತಪ್ಪಬಹುದು. ನಿಮ್ಮ ಮನೆಯ ಮಗನೋ ಮಗಳೋ ಹಡಗಿನಲ್ಲಿದ್ದರೆ ಹೇಳಿಬಿಡಿ: ಕೆಳಗಿಳಿಯುವ ಮುನ್ನ ತಾರೀಖು, ಸಹಿ, ಮೊಹರು ಮೂರನ್ನೂ ನೋಡಿಕೊಂಡೇ ಪುಸ್ತಕ ಕೈಗೆ ತೆಗೆದುಕೊಳ್ಳಲಿ.